ರ‍್ಯಾಂಕ್ ವಾಪಸ್ ಬೇಕೇ? ಮೊದಲು ಆ ಆದೇಶದ ಹಾಳೆ ಹುಡುಕಿ

ಸೈನ್ಯದಲ್ಲಿ ರ‍್ಯಾಂಕ್ ಕಳೆದುಕೊಂಡು ಊರಿಗೆ ಬಂದವರು ಅದನ್ನು ಯಾರ ಹತ್ತಿರವೂ ಹೇಳಿಕೊಳ್ಳುವುದಿಲ್ಲ. ಊರವರ ಬಾಯಲ್ಲಿ ಅವರು ಇವತ್ತಿಗೂ 'ಹವಾಲ್ದಾರ್ ಗೌಡ್ರು', 'ಮಿಲ್ಟ್ರಿ ನಾಯ್ಕ್ರು'. ಸೇನೆ ಬಿಡುವಾಗ ಕೊಟ್ಟ ಡಿಸ್ಚಾರ್ಜ್ ಬುಕ್ಕಿನಲ್ಲಿ ಮಾತ್ರ ಸಿಪಾಯಿ. ಆ ಬುಕ್ಕನ್ನು ಹೆಂಡತಿಗೂ ತೋರಿಸದೆ ಟ್ರಂಕಿನ ತಳದಲ್ಲಿ ಇಟ್ಟವರನ್ನು ನಾನು ಬಲ್ಲೆ. ಮಗಳಿಗೆ ಮಾಜಿ ಸೈನಿಕರ ಕೋಟಾದ ಸರ್ಟಿಫಿಕೇಟ್ ಬೇಕಾದಾಗಲೋ, ಪಿಂಚಣಿಯನ್ನು 'ಸ್ಪರ್ಶ್' ಎಂಬ ಆನ್‌ಲೈನ್ ಪಿಂಚಣಿ ವ್ಯವಸ್ಥೆಗೆ ಹಾಕಿಸುವಾಗಲೋ ವಿಷಯ ಹೊರಗೆ ಬರುತ್ತದೆ. ಆಮೇಲೆ ಶಿವಮೊಗ್ಗಕ್ಕೆ ಬಸ್ ಹತ್ತಿ, ಕೋರ್ಟ್ ಹತ್ತಿರದ ನನ್ನ ಆಫೀಸಿಗೆ ಬರುತ್ತಾರೆ.

ಬಂದವರು ಮೊದಲು ಮೇಜಿನ ಮೇಲಿಡುವುದು ಮೆಡಲ್. ಆಮೇಲೆ ಸಿಯಾಚಿನ್‌ನದೋ, ಪಂಜಾಬಿನ ಗಡಿಯದೋ ಫೋಟೋ. "ಪಿಂಚಣಿ ಹೋದ್ರೆ ಹೋಗ್ಲಿ ಸಾರ್, ನನ್ ರ‍್ಯಾಂಕ್ ಕೊಡ್ಸಿ" ಅನ್ನುತ್ತಾರೆ. ಅದನ್ನು ಕೇಳುವಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಆದರೂ ನಾನು ಮೊದಲು ಕೇಳುವುದು ಬೇರೆಯೇ: ರ‍್ಯಾಂಕ್ ಕಿತ್ತ ಆದೇಶ ಎಲ್ಲಿದೆ? ಯಾರ ಸಹಿ ಇದೆ? ಯಾವ ಸೆಕ್ಷನ್ ಬರೆದಿದ್ದಾರೆ?

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. 1950ರ ಸೇನಾ ಕಾಯ್ದೆಯಲ್ಲಿ ರ‍್ಯಾಂಕ್ ಹೋಗುವ ದಾರಿ ಒಂದೇ ಅಲ್ಲ. ಕೋರ್ಟ್ ಮಾರ್ಷಲ್ (ಸೇನೆಯದೇ ವಿಚಾರಣಾ ಕೋರ್ಟು) ನಡೆದು, 71ನೇ ಸೆಕ್ಷನ್ನಿನ ಶಿಕ್ಷೆಯಾಗಿ ಹವಾಲ್ದಾರ್ ಅಥವಾ ನಾಯಕ್ ಅನ್ನು ಕೆಳಗಿಳಿಸಬಹುದು. ಕೋರ್ಟ್ ಮಾರ್ಷಲ್ ಜೈಲು ಶಿಕ್ಷೆಯನ್ನೋ ವಜಾವನ್ನೋ ವಿಧಿಸಿದರೆ, ರ‍್ಯಾಂಕ್ ಬಗ್ಗೆ ಒಂದು ಮಾತೂ ಬರೆಯದಿದ್ದರೂ 77ರ ಪ್ರಕಾರ ಅದು ತಾನಾಗಿಯೇ ಹೋಗುತ್ತದೆ. ಯಾವ ವಿಚಾರಣಾ ಕೋರ್ಟೂ ಇಲ್ಲದೆ, 20ನೇ ಸೆಕ್ಷನ್ ಕೆಳಗೆ ಸೇನಾ ಮುಖ್ಯಸ್ಥರು ಅಥವಾ ಬ್ರಿಗೇಡ್ ಕಮಾಂಡರ್ ಮಟ್ಟದ ಅಧಿಕಾರಿ ಆಡಳಿತದ ಆದೇಶದಲ್ಲೇ ಇಳಿಸಬಹುದು. ಇನ್ನು ಸಿಓ ಸಾಹೇಬರು, ಅಂದರೆ ಯೂನಿಟ್ಟಿನ ಕಮಾಂಡಿಂಗ್ ಆಫೀಸರ್, 80ರ ಕೆಳಗೆ ಕೊಡುವ ಸಣ್ಣ ಶಿಕ್ಷೆಯಲ್ಲಿ ಹೋಗುವುದು ಆಕ್ಟಿಂಗ್ (ತಾತ್ಕಾಲಿಕ) ರ‍್ಯಾಂಕ್ ಮಾತ್ರ. ಖಾಯಂ ನಾಯಕ್ ಆಗಿದ್ದವರನ್ನು ಸಿಓ 80ರಲ್ಲೇ ಸಿಪಾಯಿ ಮಾಡಿದ್ದರೆ ಆ ಆದೇಶಕ್ಕೆ ಬುಡವೇ ಇಲ್ಲ. ಹಾಗೆಯೇ ನಾಯಬ್ ಸುಬೇದಾರ್, ಸುಬೇದಾರ್ ಆಗಿದ್ದವರನ್ನು ಕೆಳಗಿನ ರ‍್ಯಾಂಕಿಗೆ ಇಳಿಸುವ ಶಿಕ್ಷೆ 71ರ ಪಟ್ಟಿಯಲ್ಲೇ ಇಲ್ಲ. ಆ ಪಟ್ಟಿ ಹೇಳುವುದು ವಾರಂಟ್ ಆಫೀಸರ್ ಮತ್ತು ನಾಯಕ್, ಹವಾಲ್ದಾರ್ ದರ್ಜೆಯ ಎನ್‌ಸಿಓಗಳ ಬಗ್ಗೆ ಮಾತ್ರ. ಎಷ್ಟು ಯುದ್ಧ ಕಂಡಿದ್ದೀರಿ ಅನ್ನುವುದಕ್ಕಿಂತ ಈ ಒಂದು ಗೆರೆ ಕೇಸಿಗೆ ಹೆಚ್ಚು ಬಲ ಕೊಡುತ್ತದೆ. ಕಹಿಯಾದರೂ ಸತ್ಯ.

ಮಲೆನಾಡಿನ ಹುಡುಗರ ಕಡತಗಳಲ್ಲಿ ನಾನು ಪದೇ ಪದೇ ಕಾಣುವ ಆರೋಪ ರಜೆ ಮುಗಿದರೂ ತಡವಾಗಿ ಹೋದದ್ದು. ಇದು 39ನೇ ಸೆಕ್ಷನ್. ಮಳೆಗಾಲದಲ್ಲಿ ರಜೆಗೆ ಬಂದಿರುತ್ತಾರೆ. ಅಪ್ಪನಿಗೆ ಹುಷಾರಿರುವುದಿಲ್ಲ, ಘಾಟಿಯಲ್ಲಿ ಗುಡ್ಡ ಜರಿದಿರುತ್ತದೆ. ಶರಾವತಿ ಹಿನ್ನೀರಿನಾಚೆಯ ತುಮರಿ ಕಡೆಯವರಾದರೆ, 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಆಗುವವರೆಗೂ ಲಾಂಚೇ ಗತಿಯಾಗಿತ್ತು. ಗಾಳಿ ಮಳೆ ಜೋರಾದರೆ ಲಾಂಚೂ ಇಲ್ಲ. ಪಠಾಣ್‌ಕೋಟ್‌ನಲ್ಲಿ ಕೂತ ಅಧಿಕಾರಿಗೆ ಇದು ಹೇಗೆ ಅರ್ಥವಾಗಬೇಕು? ಆದರೆ ಕಾಯ್ದೆ ಓದಿ. ತಡವಾಗಿ ಹೋದದ್ದಷ್ಟೇ ಅಪರಾಧವಲ್ಲ, 'ಸಾಕಷ್ಟು ಕಾರಣವಿಲ್ಲದೆ' ತಡವಾಗಿ ಹೋದರೆ ಅಪರಾಧ. ಆಗ ಕಳಿಸಿದ ಟೆಲಿಗ್ರಾಂ ರಸೀದಿ, ಮೆಗ್ಗಾನ್ ಆಸ್ಪತ್ರೆಯ ಚೀಟಿ, ಯೂನಿಟ್ಟಿಗೆ ಬರೆದ ಇನ್‌ಲ್ಯಾಂಡ್ ಲೆಟರಿನ ನಕಲು, ಇವೆಲ್ಲ ಸಾಕ್ಷಿ. ವಿಚಾರಣೆಯಲ್ಲಿ ಅವನ್ನು ಯಾರಾದರೂ ನೋಡಿದ್ದರೇ ಅನ್ನುವುದೇ ನಮ್ಮ ಪ್ರಶ್ನೆ.

ಇಂಥ ಆರೋಪಕ್ಕೆ ಸಾಮಾನ್ಯವಾಗಿ ನಡೆಯುವುದು ಸಮರಿ ಕೋರ್ಟ್ ಮಾರ್ಷಲ್. ಅಲ್ಲಿ ಸಿಓ ಒಬ್ಬರೇ ಕೋರ್ಟು. ಇನ್ನಿಬ್ಬರು ಕೂತಿರುತ್ತಾರೆ, ಅವರಿಗೆ ತೀರ್ಪು ಹೇಳುವ ಅಧಿಕಾರವಿಲ್ಲ. ಶಿಕ್ಷೆಗೆ ಮೇಲಿನವರ ದೃಢೀಕರಣವೂ ಬೇಕಿಲ್ಲ. ಇಷ್ಟು ಅಧಿಕಾರ ಒಬ್ಬರ ಕೈಯಲ್ಲಿ ಇರುವುದರಿಂದಲೇ ನಿಯಮಗಳು ಬಿಗಿಯಾಗಿವೆ. ಸೇನಾ ನಿಯಮ 115ರ ಪ್ರಕಾರ, ಆರೋಪಿ "ತಪ್ಪಾಯ್ತು" ಅಂದ ಕೂಡಲೇ ಬರೆದುಕೊಂಡು ಮುಗಿಸುವ ಹಾಗಿಲ್ಲ. ಆರೋಪ ಏನು, ಒಪ್ಪಿಕೊಂಡರೆ ಏನಾಗುತ್ತದೆ, ವಿಚಾರಣೆ ಹೇಗೆ ಬದಲಾಗುತ್ತದೆ ಅಂತ ವಿವರಿಸಬೇಕು. ಸಾಕ್ಷ್ಯದ ಟಿಪ್ಪಣಿ ನೋಡಿದರೆ ಇವನು ಒಪ್ಪಿಕೊಳ್ಳಬಾರದಿತ್ತು ಅನ್ನಿಸಿದರೆ, ಹೇಳಿಕೆ ವಾಪಸ್ ತಗೋ ಅಂತ ಕೋರ್ಟೇ ಸಲಹೆ ಕೊಡಬೇಕು. "ಒಪ್ಕೊಂಡ್ಬಿಡು, ಸಣ್ಣದ್ರಲ್ಲಿ ಮುಗಿಯುತ್ತೆ ಅಂದ್ರು ಸಾರ್" ಎಂಬ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ. ಹಿಂದಿ ಅರೆಬರೆ ಬರುವ ಹೊಸನಗರದ ಹುಡುಗ, ಇಂಗ್ಲಿಷಿನಲ್ಲಿ ಟೈಪಾದ ಹಾಳೆಗೆ ಸಹಿ ಹಾಕಿರುತ್ತಾನೆ. ಅವನಿಗೆ ಏನು ವಿವರಿಸಿದರು, ಯಾವ ಭಾಷೆಯಲ್ಲಿ, ಅದು ದಾಖಲೆಯಲ್ಲಿ ಇದೆಯೇ ಅಂತ ಸಾಲು ಸಾಲು ಓದಬೇಕು.

ರಂಜಿತ್ ಠಾಕೂರ್ ಎಂಬ ಸೈನಿಕನ ಕೇಸಿನ 1987ರ ತೀರ್ಪನ್ನು ಇಲ್ಲಿ ನೆನೆಯಲೇಬೇಕು. ಮೇಲಧಿಕಾರಿಯ ಮೇಲೆ ನೇರವಾಗಿ ದೂರು ಕಳಿಸಿದ್ದಕ್ಕೆ ಆ ಸಿಗ್ನಲ್‌ಮನ್ ಮೊದಲು ಶಿಕ್ಷೆ ಅನುಭವಿಸುತ್ತಿದ್ದ. ಕಸ್ಟಡಿಯಲ್ಲಿದ್ದಾಗ ಊಟ ಮಾಡು ಅಂದರೆ ಮಾಡಲಿಲ್ಲ ಎಂಬುದು ಎರಡನೇ ಆರೋಪ. ಅದಕ್ಕೆ ಒಂದು ವರ್ಷದ ಕಠಿಣ ಜೈಲು, ಜೊತೆಗೆ ವಜಾ. ಯಾರ ಮೇಲೆ ಅವನು ದೂರಿದ್ದನೋ ಅವರೇ ವಿಚಾರಣೆಯಲ್ಲಿ ಕೂತಿದ್ದರು. ನಿನ್ನ ಆಕ್ಷೇಪಣೆ ಇದೆಯೇ ಅಂತ ಅವನನ್ನು ಕೇಳಲೂ ಇಲ್ಲ. ಸುಪ್ರೀಂ ಕೋರ್ಟ್ ಇಡೀ ವಿಚಾರಣೆಯನ್ನೇ ರದ್ದು ಮಾಡಿ, ಅವನನ್ನು ಕೆಲಸಕ್ಕೆ ವಾಪಸ್ ಸೇರಿಸಿತು. ತಪ್ಪಿಗೂ ಶಿಕ್ಷೆಗೂ ಅಳತೆ ಇರಬೇಕು, ನ್ಯಾಯ ಹೇಳುವವರಿಗೆ ಪಕ್ಷಪಾತ ಇರಬಾರದು ಎಂಬ ಆ ಎರಡು ಮಾತು ಇವತ್ತಿಗೂ ನಮ್ಮ ಅರ್ಜಿಗಳಲ್ಲಿ ಬರುತ್ತವೆ.

ಎಲ್ಲಿಗೆ ಅರ್ಜಿ ಹಾಕಬೇಕು ಎಂಬುದಕ್ಕೂ ಉತ್ತರ ಅದೇ ಆದೇಶದ ಹಾಳೆಯಲ್ಲಿದೆ. ಕೋರ್ಟ್ ಮಾರ್ಷಲ್ ಆಗಿದ್ದರೆ ಮೊದಲು 164ರ ಕೆಳಗೆ ಸೇನೆಯೊಳಗೇ ಅರ್ಜಿ. ಆಡಳಿತದ ಆದೇಶವಾದರೆ 26ರ ಕೆಳಗೆ ಮನವಿ. ಈ ಅರ್ಜಿಯಲ್ಲಿ ಏನು ಕೇಳುತ್ತೀರಿ ಎಂಬುದರ ಮೇಲೆ ನಿಗಾ ಇರಲಿ. 179ರಲ್ಲಿ ಕ್ಷಮೆ ಇದೆ, 165ರಲ್ಲಿ ವಿಚಾರಣೆಯನ್ನೇ ಅಸಿಂಧು ಮಾಡುವ ಅಧಿಕಾರ ಇದೆ. ಕ್ಷಮೆ ಸಿಕ್ಕಿದರೆ ಶಿಕ್ಷೆ ಮನ್ನಾ ಆಗಬಹುದು, ತಪ್ಪು ಮಾಡಿದ್ದಾನೆ ಎಂಬುದು ಹಾಗೇ ಉಳಿಯುತ್ತದೆ. ತಪ್ಪೇ ಮಾಡಿಲ್ಲ ಅನ್ನುವವರು 'ದಯಮಾಡಿ ಕ್ಷಮಿಸಿ' ಎಂದು ಅರ್ಜಿ ಬರೆಸುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ವಿಚಾರಣೆ ರದ್ದು ಮಾಡಿ ಅಂತ ಕೇಳಿ.

ಅಲ್ಲಿ ಆಗದಿದ್ದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. 2007ರ ಕಾಯ್ದೆಯಿಂದ ಹುಟ್ಟಿ, 2009ರಲ್ಲಿ ಕೆಲಸ ಶುರು ಮಾಡಿತು. ಕರ್ನಾಟಕ ಬರುವುದು ಕೊಚ್ಚಿ ಪೀಠಕ್ಕೆ. ನಿವೃತ್ತರು ತಾವು ಈಗ ವಾಸವಿರುವ ಜಾಗದ ಪೀಠದಲ್ಲೇ ಅರ್ಜಿ ಹಾಕಬಹುದು, ರಾಜಸ್ಥಾನದಲ್ಲಿ ಶಿಕ್ಷೆಯಾಯಿತು ಅಂತ ಜೈಪುರಕ್ಕೆ ಓಡಬೇಕಿಲ್ಲ. ಸೇನೆ ಕೊನೆಯ ಉತ್ತರ ಕೊಟ್ಟ ಮೇಲೆ ಆರು ತಿಂಗಳು ಗಡುವು. ಮನವಿ ಕೊಟ್ಟು ಆರು ತಿಂಗಳಾದರೂ ಉತ್ತರವೇ ಬರದಿದ್ದರೆ, ಅಲ್ಲಿಂದ ಮುಂದೆ ಆರು ತಿಂಗಳು. ಆದರೆ ಒಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಸಮರಿ ಕೋರ್ಟ್ ಮಾರ್ಷಲ್‌ನಲ್ಲಿ ವಜಾ ಇಲ್ಲವೇ ಮೂರು ತಿಂಗಳಿಗಿಂತ ಹೆಚ್ಚಿನ ಜೈಲು ಆಗಿದ್ದರೆ ಮಾತ್ರ ಅದು ನ್ಯಾಯಮಂಡಳಿ ನೋಡುವ 'ಸೇವಾ ವಿಷಯ'. ಬರೀ ರ‍್ಯಾಂಕ್ ಇಳಿಸಿದ್ದರೆ ಕಾಯ್ದೆಯ ವ್ಯಾಖ್ಯೆಯೇ ಅದನ್ನು ಹೊರಗಿಟ್ಟಿದೆ. ಅಂಥವರಿಗೆ ನಾನು ಹೇಳುವುದು, ಬೆಂಗಳೂರಿನ ಹೈಕೋರ್ಟಿನಲ್ಲಿ 226ನೇ ವಿಧಿಯ ರಿಟ್ ಹಾಕಿ ಅಂತ. ನ್ಯಾಯಮಂಡಳಿಯಲ್ಲಿ ಸೋತವರಿಗೂ ಹೈಕೋರ್ಟಿನ ಬಾಗಿಲು ಮುಚ್ಚಿಲ್ಲ ಎಂದು 2023ರ ಪರಶೋತ್ತಮ್ ದಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಪ್ರತಿ ಸಣ್ಣ ಕೇಸಿಗೂ ದೆಹಲಿಗೆ ಹೋಗಲಾರದ ನಮ್ಮ ಕಡೆಯ ಜನಕ್ಕೆ ಅದು ದೊಡ್ಡ ಆಸರೆ.

ಇನ್ನು ತಡದ ಮಾತು. ಹೆಚ್ಚಿನ ಕೇಸು ಬೀಳುವುದು ಇಲ್ಲೇ. 2008ರ ತರ್ಸೇಮ್ ಸಿಂಗ್ ತೀರ್ಪು ಒಂದು ಗೆರೆ ಎಳೆದಿದೆ. ಪಿಂಚಣಿಯ ಲೆಕ್ಕ ತಪ್ಪಾಗಿದ್ದರೆ ಅದು ತಿಂಗಳು ತಿಂಗಳೂ ಮುಂದುವರಿಯುವ ಅನ್ಯಾಯ, ತಡವಾಗಿ ಬಂದರೂ ಕೇಳಬಹುದು. ಹಿಂಬಾಕಿ ಮಾತ್ರ ಸಾಮಾನ್ಯವಾಗಿ ಅರ್ಜಿಗಿಂತ ಹಿಂದಿನ ಮೂರು ವರ್ಷಕ್ಕೆ ಸಿಗುತ್ತದೆ. ಸೀನಿಯಾರಿಟಿ, ಪ್ರಮೋಷನ್ ಅಂತ ಕೇಳಿದರೆ ಬೇರೆಯವರ ಹಕ್ಕಿಗೆ ಪೆಟ್ಟು ಬೀಳುತ್ತದೆ, ಅದಕ್ಕೆ ತಡ ಮಾಡಿದರೆ ಮುಗಿಯಿತು. ರ‍್ಯಾಂಕ್ ವಾಪಸಾತಿ ಈ ಎರಡರ ನಡುವೆ ಬೀಳುತ್ತದೆ. ನನ್ನ ವಾದ ಇಷ್ಟು: ನಿವೃತ್ತನಾದವನಿಗೆ ದಾಖಲೆಯಲ್ಲಿ ಹವಾಲ್ದಾರ್ ರ‍್ಯಾಂಕ್ ಮರಳಿ ಕೊಟ್ಟರೆ ಯಾರ ಸ್ಥಾನವೂ ಹೋಗುವುದಿಲ್ಲ, ಯಾರ ಪ್ರಮೋಷನ್ನೂ ನಿಲ್ಲುವುದಿಲ್ಲ. ಬದಲಾಗುವುದು ಅವನ ಪಿಂಚಣಿ ಮತ್ತು ಅವನ ಹೆಸರಿನ ಹಿಂದಿನ ಪದ. 2014ರ ಜುಲೈ 1ರಿಂದ ಅನ್ವಯವಾಗುವ ಒಂದು ರ‍್ಯಾಂಕ್ ಒಂದು ಪಿಂಚಣಿ ಯೋಜನೆಯಲ್ಲಿ ಲೆಕ್ಕ ಹಾಕುವುದೇ ರ‍್ಯಾಂಕ್ ಮತ್ತು ಸೇವೆಯ ವರ್ಷಗಳ ಮೇಲೆ. ಹಾಗಾಗಿ ರ‍್ಯಾಂಕ್ ತಪ್ಪಿದರೆ ಪ್ರತಿ ತಿಂಗಳೂ ನಷ್ಟ. ಎಲ್ಲ ಕೋರ್ಟೂ ಈ ವಾದ ಒಪ್ಪುತ್ತದೆ ಅಂತ ಭರವಸೆ ಕೊಡಲಾರೆ. ಆದರೆ "ಪಿಂಚಣಿ ಬೇಡ, ರ‍್ಯಾಂಕ್ ಸಾಕು" ಅನ್ನುವ ಸ್ವಾಭಿಮಾನಿಗಳಿಗೆ ಕೈಮುಗಿದು ಹೇಳುತ್ತೇನೆ, ಪಿಂಚಣಿಯನ್ನೂ ಕೇಳಿ. ತಡವಾಗಿ ಬಂದ ಅರ್ಜಿಯನ್ನು ಬದುಕಿಸುವುದು ಅದೇ.

ವಜಾ ಆದವರ ಕಷ್ಟ ಇನ್ನೂ ದೊಡ್ಡದು. 1961ರ ಪಿಂಚಣಿ ನಿಯಮಾವಳಿ ಅನ್ವಯವಾಗುವವರಿಗೆ ಅದರ 113(ಎ) ಪ್ರಕಾರ ಹಿಂದಿನ ಅಷ್ಟೂ ಸೇವೆಯ ಪಿಂಚಣಿ ಹೋಗುತ್ತದೆ, ಮಾಜಿ ಸೈನಿಕ ಎಂಬ ಸ್ಥಾನವೂ ಇರುವುದಿಲ್ಲ. ವಿಶೇಷ ಸಂದರ್ಭದಲ್ಲಿ ಪಿಂಚಣಿ ಕೊಡುವ ಅಧಿಕಾರ ರಾಷ್ಟ್ರಪತಿಗಳಿಗೆ ಅದೇ ನಿಯಮದಲ್ಲಿದೆ. ಹದಿನೈದು ವರ್ಷ ದಾಟಿ ಸೇವೆ ಮಾಡಿದವರು ಈ ಮನವಿಯನ್ನು ಬೇರೆಯಾಗಿಯೇ ಕೊಡಬೇಕು.

ಕಾಗದದ ವಿಷಯ ಹೇಳದಿದ್ದರೆ ಮೇಲಿನದೆಲ್ಲ ದಂಡ. ನಮ್ಮ ಕಡೆ ಮಳೆಗಾಲದಲ್ಲಿ ಟ್ರಂಕಿನೊಳಗೂ ಬೂಷ್ಟು ಬರುತ್ತದೆ. ಒಬ್ಬರು ತಂದ ಡಿಸ್ಚಾರ್ಜ್ ಬುಕ್ಕಿನ ಪುಟಗಳು ಒಂದಕ್ಕೊಂದು ಅಂಟಿಕೊಂಡಿದ್ದವು. 'ಹವಾಲ್ದಾರ್' ಮೇಲೆ ಕೆಂಪು ಶಾಯಿಯ ಗೆರೆ ಕಾಣುತ್ತಿತ್ತು, ಪಕ್ಕದ ತಾರೀಕು ಗೆದ್ದಲು ತಿಂದಿತ್ತು. ಆ ತಾರೀಕಿಲ್ಲದೆ ಕೇಸೇ ಇಲ್ಲ. ಅಂಟಿದ ಹಾಳೆಯನ್ನು ಎಳೆದು ಬಿಡಿಸಬೇಡಿ, ಬಿಸಿಲಿಗೂ ಹಾಕಬೇಡಿ, ಹಾಗೇ ತನ್ನಿ. ನಿಮ್ಮ ರೆಜಿಮೆಂಟಿನ ಸೇವಾ ದಾಖಲೆ ಇಡುವ ರೆಕಾರ್ಡ್ಸ್ ಆಫೀಸಿಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ: ಕೋರ್ಟ್ ಮಾರ್ಷಲ್ ನಡಾವಳಿ, ಚಾರ್ಜ್ ಶೀಟ್, ಪಾರ್ಟ್ 2 ಆರ್ಡರ್ (ಸೇವೆಯ ಬದಲಾವಣೆ ದಾಖಲಿಸುವ ಆದೇಶ), ಶೀಟ್ ರೋಲ್ (ಸೈನಿಕನ ಸೇವಾ ದಾಖಲೆ). ಮದ್ರಾಸ್ ಸ್ಯಾಪರ್ಸ್‌ನವರಾದರೆ ಬೆಂಗಳೂರು, ಮರಾಠಾ ಲೈಟ್ ಇನ್‌ಫೆಂಟ್ರಿಯವರಾದರೆ ಬೆಳಗಾವಿ. ಪಿಂಚಣಿ ಇಲ್ಲದವರ ದಾಖಲೆಗಳನ್ನು 25 ವರ್ಷದ ಮೇಲೆ ನಾಶ ಮಾಡಲು ಸೇನೆಯ ನಿಯಮವೇ ಅವಕಾಶ ಕೊಡುತ್ತದೆ. 'ದಾಖಲೆ ನಾಶವಾಗಿದೆ' ಎಂಬ ಉತ್ತರ ಬಂದರೆ ಅದನ್ನೂ ಬರಹದಲ್ಲಿ ಪಡೆದುಕೊಳ್ಳಿ.

ಗಂಡ ತೀರಿಕೊಂಡಿದ್ದಾರೆ, ಇನ್ನೇನು ಮಾಡುವುದು ಅಂತ ಕೂತಿರುವ ಅಮ್ಮಂದಿರಿಗೂ ಒಂದು ಮಾತು. ನ್ಯಾಯಮಂಡಳಿ ಕಾಯ್ದೆ ನಿವೃತ್ತರಿಗಷ್ಟೇ ಅಲ್ಲ, ಸೇವಾ ವಿಷಯಗಳಲ್ಲಿ ಅವರ ಅವಲಂಬಿತರಿಗೂ ವಾರಸುದಾರರಿಗೂ ಅನ್ವಯಿಸುತ್ತದೆ. ಫೀಸು ಕೊಡಲು ಆಗದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರ್ಜಿ ಕೊಡಿ. ಮಹಿಳೆಯರಿಗೆ ವರಮಾನ ನೋಡದೆಯೇ ಉಚಿತ ವಕೀಲರ ನೆರವು ಸಿಗುತ್ತದೆ. ಬರುವಾಗ ಡಿಸ್ಚಾರ್ಜ್ ಬುಕ್, ಪಿಪಿಓ (ಪಿಂಚಣಿ ಪಾವತಿ ಆದೇಶ) ಇದ್ದರೆ ಅದು, ಮರಣ ಪ್ರಮಾಣಪತ್ರ ಮತ್ತು ಅವರು ಬರೆದ ಹಳೇ ಪತ್ರಗಳನ್ನೆಲ್ಲ ತನ್ನಿ. ಯಾವುದು ಬೇಕು ಯಾವುದು ಬೇಡ ಅಂತ ಮನೆಯಲ್ಲೇ ಆರಿಸಿಬಿಡಬೇಡಿ.