ದೊಡ್ಡ ತೆರೆದ ಬಾವಿಗೆ ಅಂತರ್ಜಲ ಹರಿವ ಲೆಕ್ಕ: ಬಾವಿಯೊಳಗಿನ ನೀರನ್ನು ಮರೆಯಬೇಡಿ

ಪಂಪಿಂಗ್ ಟೆಸ್ಟ್ ಅಂದರೆ ಬಾವಿಯಿಂದ ನೀರೆತ್ತುತ್ತಾ ಮಟ್ಟ ಎಷ್ಟು ಇಳಿಯುತ್ತದೆ ಎಂದು ಅಳೆದು, ನೆಲದೊಳಗಿನ ನೀರಿನ ಪದರದ (ಜಲಪದರದ) ಗುಣ ತಿಳಿಯುವ ಪರೀಕ್ಷೆ. ಅದರ ಪಾಠದಲ್ಲಿ ಮೊದಲು ಬರುವುದು 1935ರ ಥೀಸ್ ಸೂತ್ರ. ಅದರ ಪ್ರಕಾರ ಬಾವಿ ಅಂದರೆ ಬರೀ ಒಂದು ಗೆರೆ, ಒಳಗೆ ನೀರೇ ನಿಂತಿಲ್ಲ. ಪಂಪ್ ಎತ್ತುವ ಪ್ರತಿ ಹನಿಯೂ ಆಗಿಂದಾಗ ಜಲಪದರದಿಂದಲೇ ಬರುತ್ತದೆ. 15 ಸೆಂಟಿಮೀಟರ್ ಕೊಳವೆ ಬಾವಿಗೆ ಇದು ಸಾಕು. 6 ಮೀಟರ್ ಅಗಲದ ತೆರೆದ ಬಾವಿಗೆ ಸಾಲದು. ಅಗಲ 40 ಪಟ್ಟು ಜಾಸ್ತಿಯಾದರೆ, ಒಂದು ಮೀಟರ್ ಆಳದಲ್ಲಿ ಹಿಡಿಯುವ ನೀರು 1,600 ಪಟ್ಟು ಜಾಸ್ತಿ.

ಆದ್ದರಿಂದ ಲೆಕ್ಕ ಹೀಗೆ ಶುರುವಾಗಬೇಕು:

ಪಂಪ್ ಎತ್ತಿದ ನೀರು = ಒರತೆಯಿಂದ ಬಂದ ನೀರು + ಬಾವಿಯ ಸಂಗ್ರಹದಿಂದ ಹೋದ ನೀರು

ಒಂದು ಉದಾಹರಣೆ ನೋಡೋಣ. 6 ಮೀಟರ್ ಬಾವಿಯ ಅಡ್ಡಕೊಯ್ತದ ವಿಸ್ತೀರ್ಣ ಸುಮಾರು 28.3 ಚದರ ಮೀಟರ್. ಪಂಪ್ ಗಂಟೆಗೆ 36 ಘನ ಮೀಟರ್ ಎತ್ತುತ್ತಿದೆ. ಒರತೆ ಒಂದು ಹನಿಯೂ ಇಲ್ಲದಿದ್ದರೆ ಮಟ್ಟ ಗಂಟೆಗೆ 1.27 ಮೀಟರ್ ಇಳಿಯುತ್ತದೆ. ಪಂಪ್ ಹಾಕಿದ ಹೊಸದರಲ್ಲಿ ನಿಜವಾದ ಬಾವಿಯೂ ಹೆಚ್ಚುಕಡಿಮೆ ಹೀಗೇ ಇಳಿಯುತ್ತದೆ. ಸಮಯ ಮತ್ತು ಇಳಿಕೆಯನ್ನು ಲಾಗ್-ಲಾಗ್ ಹಾಳೆಯಲ್ಲಿ (ಎರಡೂ ಅಕ್ಷದಲ್ಲಿ ಪ್ರತಿ ಮೆಟ್ಟಿಲು ಹತ್ತು ಪಟ್ಟು) ಗುರುತಿಸಿದರೆ ಇದು 45 ಡಿಗ್ರಿಯ ನೇರ ಗೆರೆ. ಈ ಗೆರೆ ಬಾವಿಯ ಅಗಲವನ್ನು ಹೇಳುತ್ತದೆ, ಜಲಪದರದ ಬಗ್ಗೆ ಏನೂ ಹೇಳುವುದಿಲ್ಲ. ಅಗಲ ತಿಳಿಯಲು ಟೇಪ್ ಸಾಕಿತ್ತು, ಅಲ್ವಾ?

ಈ ಸಂಗ್ರಹವನ್ನು ಸೇರಿಸಿ 1967ರಲ್ಲಿ ಪಾಪಡೋಪುಲೋಸ್ ಮತ್ತು ಕೂಪರ್ ಪರಿಹಾರ ಕೊಟ್ಟರು. ಬಾವಿಯ ಸಂಗ್ರಹದ ಪ್ರಭಾವ ಯಾವಾಗ ಮುಗಿಯುತ್ತದೆ ಎಂಬ ಅಂದಾಜೂ ಅದರಲ್ಲಿದೆ: ತ್ರಿಜ್ಯದ ವರ್ಗವನ್ನು 250ರಿಂದ ಗುಣಿಸಿ, ಟ್ರಾನ್ಸ್‌ಮಿಸಿವಿಟಿಯಿಂದ ಭಾಗಿಸಿ (ಜಲಪದರ ತನ್ನೊಳಗೆ ನೀರನ್ನು ಎಷ್ಟು ಸುಲಭವಾಗಿ ಹರಿಯಬಿಡುತ್ತದೆ ಎಂಬ ಅಳತೆಯೇ ಟ್ರಾನ್ಸ್‌ಮಿಸಿವಿಟಿ). ತ್ರಿಜ್ಯ 3 ಮೀಟರ್, ಟ್ರಾನ್ಸ್‌ಮಿಸಿವಿಟಿ ದಿನಕ್ಕೆ 50 ಚದರ ಮೀಟರ್ ಇದ್ದರೆ ಉತ್ತರ 45 ದಿನ! ಅಷ್ಟು ದಿನ ಬಿಡದೆ ಪಂಪ್ ಮಾಡಿ ಆಮೇಲೆ ಥೀಸ್ ಬಳಸುತ್ತೇನೆ ಅನ್ನುವುದು ಬರೀ ಮಾತು. ಆದರೆ ಇವರ ಪರಿಹಾರಕ್ಕೂ ಮಿತಿ ಇದೆ. ಜಲಪದರ ಮೇಲಿನಿಂದ ಮುಚ್ಚಿರಬೇಕು, ಪಂಪಿನ ದರ ಬದಲಾಗಬಾರದು.

ಸಂಖ್ಯಾತ್ಮಕ ಮಾದರಿ, ಅಂದರೆ ಜಲಪದರವನ್ನು ತುಂಡು ತುಂಡು ಮಾಡಿ ಹಂತಹಂತವಾಗಿ ಲೆಕ್ಕ ಹಾಕುವುದು, ಇಲ್ಲಿ ನನಗೆ ಜಾಸ್ತಿ ಇಷ್ಟ. ಬಾವಿಯ ಸುತ್ತ ಉಂಗುರಗಳಂತೆ ಜಾಲ ಹಾಕಿ. ಹತ್ತಿರ ಕಿರಿದು, ದೂರ ಹೋದಂತೆ ಅಗಲ. ಬಾವಿಯನ್ನೂ ಜಲಪದರದ ಒಂದು ತುಂಡು ಅಂತಲೇ ಬರೆಯಿರಿ, ಆದರೆ ಅದರ ಸಂಗ್ರಹ ಗುಣಾಂಕ (ಮಟ್ಟ ಒಂದು ಮೀಟರ್ ಇಳಿದರೆ ಪ್ರತಿ ಚದರ ಮೀಟರಿನಿಂದ ಸಿಗುವ ನೀರು, ಘನ ಮೀಟರಿನಲ್ಲಿ) 1, ಟ್ರಾನ್ಸ್‌ಮಿಸಿವಿಟಿ ತುಂಬಾ ದೊಡ್ಡದು. ಒಳಗೆಲ್ಲ ನೀರು, ಮಟ್ಟವೂ ಒಂದೇ ಸಮ, ಅಷ್ಟೇ. ಪಂಪ್ ನಿಂತಾಗ ದರವನ್ನು ಸೊನ್ನೆ ಮಾಡಿದರೆ ಸಾಕು, ಬಾವಿ ಮತ್ತೆ ತುಂಬುವುದನ್ನು ಮಾದರಿ ತಾನೇ ತೋರಿಸುತ್ತದೆ.

ಆ ತುಂಬುವ ಹೊತ್ತಿನ ಅಳತೆಗೆ ಬೆಲೆ ಜಾಸ್ತಿ. ಪಂಪ್ ಇಲ್ಲ, ಹಾಗಾಗಿ ಮಟ್ಟ ಏರುವುದೆಲ್ಲ ಒರತೆಯಿಂದಲೇ. ಗಂಟೆಗೆ 20 ಸೆಂಟಿಮೀಟರ್ ಏರಿದರೆ ಒರತೆ ಸುಮಾರು 5.7 ಘನ ಮೀಟರ್. ಇಳಿಯುವಾಗಿನ ಗೆರೆಗೆ ಮಾತ್ರ ಹೊಂದಿಸಿದರೆ ಬೇರೆ ಬೇರೆ ಗುಣಾಂಕಗಳೂ ಸರಿ ಅನ್ನಿಸಿಬಿಡುತ್ತವೆ. ಇಳಿಕೆ, ಏರಿಕೆ ಎರಡಕ್ಕೂ ಒಂದೇ ಗುಣಾಂಕ ಹೊಂದಬೇಕು.

ಇನ್ನೆರಡು ವಿಷಯ. ಬಾವಿಯ ಗೋಡೆಯ ಹೊರಗೆ ನೀರು ಒಳಗಿನ ಮಟ್ಟಕ್ಕಿಂತ ಮೇಲೇ ನಿಂತು, ಗೋಡೆಯಲ್ಲಿ ಜಿನುಗುತ್ತಾ ಇಳಿಯುತ್ತದೆ. ಎರಡೂ ಮಟ್ಟ ಒಂದೇ ಅಂದುಕೊಂಡರೆ ಮಾದರಿ ತಪ್ಪುತ್ತದೆ. ಅಂಚಿನ ಮೊದಲ ಉಂಗುರದಲ್ಲಿ ಹರಿವಿಗೆ ಸ್ವಲ್ಪ ತಡೆ ಸೇರಿಸಬೇಕು. ಮತ್ತೆ, ಮಟ್ಟ ಇಳಿದಂತೆ ಪಂಪ್ ಎತ್ತುವ ನೀರೂ ಕಡಿಮೆಯಾಗುತ್ತದೆ. ಮಟ್ಟ ಬರೆದುಕೊಳ್ಳುವಾಗಲೆಲ್ಲ ಪಂಪಿನ ದರವನ್ನೂ ಅಳೆದು ಪಕ್ಕದಲ್ಲಿ ಬರೆಯಿರಿ.