‘ವೈಟಲ್ಸ್ ಸ್ಟೇಬಲ್’ ಎಂದರೆ ಅಮ್ಮ ಪೂರ್ತಿ ಹುಷಾರಾದರು ಅಂತಲೇ?

ಪ್ರಶ್ನೆ: ಅಮ್ಮನಿಗೆ 71 ವರ್ಷ. ನ್ಯುಮೋನಿಯಾ ಆಗಿ ಮಡಿಕೇರಿಯಲ್ಲಿ ಆರು ದಿನ ಅಡ್ಮಿಟ್ ಆಗಿದ್ದರು. ಈಗ ಸೋಮವಾರಪೇಟೆ ಹತ್ತಿರದ ನಮ್ಮ ತೋಟದ ಮನೆಗೆ ಕರೆದುಕೊಂಡು ಬಂದಿದ್ದೇವೆ. ಡಿಸ್ಚಾರ್ಜ್ ಕಾಗದದಲ್ಲಿ ‘ವೈಟಲ್ಸ್ ಸ್ಟೇಬಲ್’ ಎಂದಿದೆ. ಕೆಳಗೆ ಟಿ 98.4, ಪಿಆರ್ 88, ಆರ್‌ಆರ್ 20, ಬಿಪಿ 130/80, ಎಸ್‌ಪಿಒ2 96, ಆರ್‌ಎ ಎಂದು ಬರೆದಿದ್ದಾರೆ. ಹಾಗಂದ್ರೆ ಏನು ಸಿಸ್ಟರ್? ಅಮ್ಮ ಪೂರ್ತಿ ಹುಷಾರಾದರು ಅಂತಲೇ?

ಉತ್ತರ: ಪೂರ್ತಿ ಹುಷಾರಾದರು ಅಂತಲ್ಲ. ಮೈ ಬಿಸಿ, ನಾಡಿ, ಉಸಿರು, ಬಿಪಿ, ರಕ್ತದಲ್ಲಿನ ಆಕ್ಸಿಜನ್, ಈ ಐದೂ ಸದ್ಯಕ್ಕೆ ಏರುಪೇರಿಲ್ಲದೆ ನಿಂತಿವೆ ಅಂತ. ಇವನ್ನೇ ವೈಟಲ್ಸ್ ಅನ್ನುತ್ತೇವೆ. ಶ್ವಾಸಕೋಶ ಸರಿಹೋಗಲು ಇನ್ನೂ ಕೆಲವು ವಾರ ಬೇಕು. ಅಲ್ಲಿಯವರೆಗೆ ಸುಸ್ತು, ಸ್ವಲ್ಪ ಕೆಮ್ಮು ಇರಬಹುದು.

ಟಿ ಅಂದರೆ ಟೆಂಪರೇಚರ್. 98.4 ಫ್ಯಾರನ್‌ಹೀಟ್ ಲೆಕ್ಕ, ಜ್ವರ ಇಲ್ಲ. 100.4 ದಾಟಿದರೆ ಜ್ವರ. ಆದರೆ ವಯಸ್ಸಾದವರಿಗೆ ಸೋಂಕು ಜೋರಾಗಿದ್ದರೂ ಮೈ ಬಿಸಿಯಾಗದೇ ಇರಬಹುದು. ಹಾಗಾಗಿ ಹಣೆ ಮುಟ್ಟಿ ನೋಡಿ ಸಮಾಧಾನ ಪಟ್ಟುಕೊಳ್ಳಬೇಡಿ. ಪಿಆರ್ ನಾಡಿ ಬಡಿತ. ನಿಮಿಷಕ್ಕೆ 60ರಿಂದ 100 ಸರಿ. ಅದಕ್ಕಿಂತ ಜಾಸ್ತಿಯಾದರೆ ಟ್ಯಾಕಿಕಾರ್ಡಿಯಾ, ಕಡಿಮೆಯಾದರೆ ಬ್ರಾಡಿಕಾರ್ಡಿಯಾ ಎಂದು ಫೈಲಿನಲ್ಲಿ ಬರೆಯುತ್ತಾರೆ. ಕೆಲವು ಬಿಪಿ ಮಾತ್ರೆಗಳು ನಾಡಿಯನ್ನು ನಿಧಾನ ಮಾಡುತ್ತವೆ, ಅದನ್ನೂ ನೆನಪಿಡಿ.

ಆರ್‌ಆರ್ ಅಂದರೆ ಒಂದು ನಿಮಿಷಕ್ಕೆ ಎಷ್ಟು ಸಲ ಉಸಿರಾಡುತ್ತಾರೆ ಅನ್ನೋದು. ನಿಮ್ಮ ಅಮ್ಮನ ವಿಷಯದಲ್ಲಿ ನನಗೆ ಮುಖ್ಯ ಅನಿಸೋದು ಇದೇ. ಎಲ್ಲರೂ ಹಾರಿಸಿಬಿಡುವುದೂ ಇದನ್ನೇ. ನಾನು ಹಿಂದೆ ಕೆಲಸ ಮಾಡಿದ ಒಂದು ವಾರ್ಡಿನಲ್ಲಿ ಯಾವ ಹಾಳೆ ತಿರುವಿದರೂ ಉಸಿರು 20 ಎಂದೇ ಇರುತ್ತಿತ್ತು. ಇಪ್ಪತ್ತು ಜನ ಒಂದೇ ಲೆಕ್ಕದಲ್ಲಿ ಉಸಿರಾಡುತ್ತಾರಾ? ಯಾರೂ ಎಣಿಸಿರಲಿಲ್ಲ, ಅಂದಾಜಿಗೆ ಬರೆದಿದ್ದರು. ಇವತ್ತಿಗೂ ಅದು ನನಗೆ ಬೇಸರದ ವಿಷಯ. ಏಕೆಂದರೆ ನ್ಯುಮೋನಿಯಾ ಮತ್ತೆ ತಿರುಗಿದರೆ ಎಷ್ಟೋ ಸಲ ಮೊದಲು ಜೋರಾಗುವುದು ಉಸಿರು. ಆಕ್ಸಿಜನ್ ಇಳಿಯುವುದು ಆಮೇಲೆ.

ಮನೆಯಲ್ಲೇ ಎಣಿಸಬಹುದು. ಅಮ್ಮ ಸುಮ್ನೆ ಕೂತಿರುವಾಗ ಪಕ್ಕದಲ್ಲಿ ಕೂತು, ನಾಡಿ ನೋಡುವವರ ಹಾಗೆ ಕೈ ಹಿಡಿದುಕೊಳ್ಳಿ. ಉಸಿರು ಎಣಿಸುತ್ತೇನೆ ಅಂತ ಮಾತ್ರ ಹೇಳಬೇಡಿ. ಹೇಳಿದ ಕೂಡಲೇ ಉಸಿರಾಟ ಬದಲಾಗುತ್ತದೆ. ಹೊದ್ದ ಕಂಬಳಿ ಸ್ವಲ್ಪ ಸರಿಸಿ, ಎದೆ ಒಂದು ಸಲ ಏರಿ ಇಳಿದರೆ ಒಂದು. ಗಡಿಯಾರ ನೋಡಿಕೊಂಡು ಪೂರ್ತಿ ಒಂದು ನಿಮಿಷ ಎಣಿಸಿ. 12ರಿಂದ 20 ಸರಿ. 25 ಮುಟ್ಟಿದರೆ ಡಾಕ್ಟರಿಗೆ ಫೋನ್ ಮಾಡಿ. 30 ಆದರೆ, ಇಲ್ಲವೇ ಒಂದು ವಾಕ್ಯ ಮುಗಿಸಲೂ ಉಸಿರು ಸಾಲದಿದ್ದರೆ, ಬೆಳಗಾಗಲಿ ಅಂತ ಕಾಯಬೇಡಿ. ಇದು ದೊಡ್ಡವರ ಲೆಕ್ಕ. ಚಿಕ್ಕ ಮಕ್ಕಳು ಸಹಜವಾಗಿಯೇ ಇದಕ್ಕಿಂತ ಬೇಗ ಉಸಿರಾಡುತ್ತಾರೆ.

ಬಿಪಿಯಲ್ಲಿ ಮೇಲಿನದು ಹೃದಯ ಹಿಂಡಿದಾಗಿನ ಒತ್ತಡ, ಸಿಸ್ಟಾಲಿಕ್. ಕೆಳಗಿನದು ಹೃದಯ ಸಡಿಲವಾದಾಗಿನದು, ಡಯಾಸ್ಟಾಲಿಕ್. 130/80 ನೋಡಿ ಗಾಬರಿ ಬೇಡ. ಮನೆಯಲ್ಲಿ ನೋಡುವಾಗ ನಮ್ಮ ಕೊಡಗಿನವರು ಮಾಡುವ ತಪ್ಪು ಎರಡು. ಒಂದು, ಕಾಫಿ ಕುಡಿದ ತಕ್ಷಣ ನೋಡುವುದು. ಕಾಫಿ ಬಿಪಿಯನ್ನು ಸ್ವಲ್ಪ ಹೊತ್ತು ಏರಿಸುತ್ತದೆ, ಅರ್ಧ ಗಂಟೆಯಾದರೂ ಬಿಡಿ. ಇನ್ನೊಂದು, ಚಳಿಗೆ ಸ್ವೆಟರ್ ಬಿಚ್ಚದೆ ಅದರ ಮೇಲೆಯೇ ಪಟ್ಟಿ ಸುತ್ತುವುದು. ಸ್ವೆಟರಿನ ತೋಳನ್ನು ಬಿಗಿಯಾಗಿ ಮೇಲಕ್ಕೆ ಮಡಚಿದರೂ ಲೆಕ್ಕ ತಪ್ಪುತ್ತದೆ. ಆ ಕೈಯನ್ನು ಸ್ವೆಟರಿನಿಂದ ಹೊರಗೆ ತೆಗೆಯಿರಿ. ಐದು ನಿಮಿಷ ಮಾತಾಡದೆ, ಬೆನ್ನು ಒರಗಿಸಿ ಕೂತ ಮೇಲೆ ನೋಡಿ.

ಎಸ್‌ಪಿಒ2 ಬೆರಳಿಗೆ ಸಿಕ್ಕಿಸುವ ಮೀಟರ್ ತೋರಿಸುವ ಆಕ್ಸಿಜನ್. ಆರ್‌ಎ ಎಂದರೆ ರೂಮ್ ಏರ್. ಮಾಸ್ಕ್, ಸಿಲಿಂಡರ್ ಏನೂ ಇಲ್ಲದೆ ಬರೀ ಗಾಳಿಯಲ್ಲಿ 96 ಇತ್ತು ಅಂತ. ಈ ಎರಡಕ್ಷರ ಬಹಳ ಒಳ್ಳೆಯ ಸುದ್ದಿ. ಮಳೆಗಾಲದಲ್ಲಿ ಬೆರಳು ಮಂಜಿನ ಹಾಗೆ ತಣ್ಣಗಿದ್ದರೆ ಮೀಟರ್ 88, 89 ಅಂತ ಸುಳ್ಳು ತೋರಿಸಬಹುದು. ಕೈ ಉಜ್ಜಿ, ಒಲೆಯ ಹತ್ತಿರ ಬೆಚ್ಚಗೆ ಮಾಡಿ, ನೈಲ್ ಪಾಲಿಶ್ ಇದ್ದರೆ ಅಳಿಸಿ, ಅಂಕಿ ನಿಲ್ಲುವವರೆಗೆ ಬಿಟ್ಟು ಇನ್ನೊಮ್ಮೆ ನೋಡಿ. ಆಗಲೂ 94ಕ್ಕಿಂತ ಕೆಳಗಿದ್ದರೆ ಡಾಕ್ಟರಿಗೆ ಹೇಳಿ, 90ಕ್ಕಿಂತ ಕೆಳಗಿದ್ದರೆ 108ಕ್ಕೆ ಕರೆ ಮಾಡಿ. ಬೆಟ್ಟದ ಮೇಲೆ ಇದ್ದೇವಲ್ಲ, ಅದಕ್ಕೇ ಕಡಿಮೆ ಅಂತ ಕೆಲವರು ಸುಮ್ಮನಾಗುತ್ತಾರೆ. ನಮ್ಮ ಊರುಗಳ ಎತ್ತರಕ್ಕೆ ಆಕ್ಸಿಜನ್ ಅಷ್ಟೆಲ್ಲ ಇಳಿಯುವುದಿಲ್ಲ. ಹಳೆಯ ಸಿಒಪಿಡಿ, ಅಂದರೆ ಉಸಿರಿನ ದಾರಿ ಕಿರಿದಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಇರುವವರಿಗೆ ಮಾತ್ರ ಗುರಿ ಬೇರೆ ಇರಬಹುದು, ಅದನ್ನು ಡಾಕ್ಟರನ್ನೇ ಕೇಳಿ.

ಇನ್ನು ಹತ್ತು ದಿನ ಬೆಳಿಗ್ಗೆ, ಸಂಜೆ ಒಂದು ನೋಟ್‌ಬುಕ್ಕಿನಲ್ಲಿ ಐದನ್ನೂ ಟೈಮ್ ಸಮೇತ ಬರೆದಿಡಿ. ಡಿಸ್ಚಾರ್ಜ್ ದಿನದ ಅಂಕಿಗಳನ್ನು ಮೊದಲ ಸಾಲಿಗೆ ಹಾಕಿ. ಉಸಿರು 20 ಇದ್ದದ್ದು 22, ಮರುದಿನ 24 ಆಯಿತು ಅಂದರೆ, ಒಂದೊಂದು ಅಂಕಿ ದೊಡ್ಡದಾಗಿ ಕಾಣದಿದ್ದರೂ ನಿಮ್ಮ ಡಾಕ್ಟರಿಗೆ ಅದು ಬಹಳ ಹೇಳುತ್ತದೆ. ಫೋನ್ ಮಾಡುವಾಗ ‘ಅಮ್ಮ ಯಾಕೋ ಸಪ್ಪಗಿದ್ದಾರೆ’ ಎಂದು ಹೇಳಿ, ಜೊತೆಗೆ ಆ ಸಾಲನ್ನೂ ಓದಿ.