ನಿರ್ವಾತ ಕೋಣೆಯಲ್ಲಿ ಪರೀಕ್ಷೆಗೆ ಒಳಗಾಗುವುದು ಏನು?

ಚಂದ್ರನತ್ತ ಹೊರಡುವ ನೌಕೆಯನ್ನು ನಿರ್ವಾತ ಕೋಣೆಯಲ್ಲಿ ಪರೀಕ್ಷಿಸಲಾಯಿತು ಎಂಬ ಸುದ್ದಿ ಓದಿದವರು, ಅದನ್ನು ಕಡುಬಿಸಿಗೂ ಕೊರೆಯುವ ಚಳಿಗೂ ಒಡ್ಡಿ ತಾಳಿಕೆಯನ್ನು ನೋಡಿರಬೇಕು ಎಂದುಕೊಳ್ಳುತ್ತಾರೆ. ಅದೂ ನಡೆಯುತ್ತದೆ. ಆದರೆ ಉಷ್ಣ ನಿಯಂತ್ರಣದ ಕೆಲಸ ಮಾಡುವ ನಮ್ಮಂಥವರ ಪಾಲಿಗೆ ಅಲ್ಲಿ ಪರೀಕ್ಷೆಗೆ ಒಳಗಾಗುವುದು ನೌಕೆಗಿಂತ ಹೆಚ್ಚಾಗಿ ನಮ್ಮದೇ ಲೆಕ್ಕಾಚಾರ.

ಗಾಳಿಯಿಲ್ಲದ ಕಡೆ ಫ್ಯಾನ್ ಇಟ್ಟು ಪ್ರಯೋಜನವಿಲ್ಲ. ಉಪಕರಣಗಳ ಶಾಖವು ಚೌಕಟ್ಟಿನ ಮೂಲಕ ಹರಿದು ಹೊರಮೈಯ ಫಲಕಗಳನ್ನು ತಲುಪಿ, ಅಲ್ಲಿಂದ ವಿಕಿರಣವಾಗಿಯೇ ಹೊರಹೋಗಬೇಕು. ಬೋಲ್ಟ್ ಬಿಗಿದ ಕೂಡುಗಳಲ್ಲಿ ಎಷ್ಟು ಶಾಖ ದಾಟುತ್ತದೆ, ಹಲವು ಪದರಗಳ ಹೊದಿಕೆಯ ಹೊಲಿಗೆಗಳಲ್ಲಿ ಎಷ್ಟು ಸೋರುತ್ತದೆ ಎಂಬುದನ್ನು ಕಾಗದದ ಮೇಲೆ ನಿಖರವಾಗಿ ಹೇಳಲಾಗದು. ಆದ್ದರಿಂದ ಕೋಣೆಯ ಗಾಳಿಯನ್ನು ಹೊರತೆಗೆದು, −196 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುವ ದ್ರವ ಸಾರಜನಕದಿಂದ ಒಳಗೋಡೆಯನ್ನು ತಣಿಸಿ, ಹೀಟರ್‌ಗಳಿಂದಲೋ ಕ್ಸೆನಾನ್ ದೀಪಗಳಿಂದಲೋ ಸೂರ್ಯನ ಪಾಲಿನ ಶಾಖವನ್ನು ಒದಗಿಸಿ, ತಾಪಮಾನ ಸ್ಥಿರಗೊಳ್ಳುವವರೆಗೆ ಕಾಯುತ್ತೇವೆ. ಈ ಕೆಲಸದ ಬಹುಪಾಲು ಕಾಯುವುದೇ. ಸಂವೇದಕಗಳ ಅಂಕಿಗಳು ಗಣಿತದ ಮಾದರಿಗೆ ಹೊಂದದಿದ್ದರೆ ಮೊದಲು ತಿದ್ದಬೇಕಾದದ್ದು ಮಾದರಿಯನ್ನು.

ಕೋಣೆಯ ಒತ್ತಡ ಇಳಿಯುತ್ತಿರುವಾಗ, ಅರೆಬರೆ ನಿರ್ವಾತದಲ್ಲಿ, ಹೆಚ್ಚು ವೋಲ್ಟೇಜಿನ ಭಾಗಗಳಲ್ಲಿ ಕಿಡಿ ಹಾರುವ ಅಪಾಯವಿರುವುದರಿಂದ ಅವನ್ನು ಆರಿಸಿಡುತ್ತೇವೆ. ಅಂಟು, ಪ್ಲಾಸ್ಟಿಕ್‌ಗಳಿಂದ ಹೊರಬರುವ ಆವಿ ತಣ್ಣಗಿನ ಮಸೂರದ ಮೇಲೆ ಕೂರದಂತೆಯೂ ಎಚ್ಚರ ಬೇಕು.

ಚಂದ್ರನ ಸನಿಹದಲ್ಲಿ ಲೆಕ್ಕ ಇನ್ನಷ್ಟು ತೊಡಕಾಗುತ್ತದೆ. ಸಮಭಾಜಕದ ಬಳಿ ಹಗಲಿನಲ್ಲಿ ಸುಮಾರು 120 ಡಿಗ್ರಿಯವರೆಗೆ ಕಾಯುವ ನೆಲವು ತಾನೇ ಅವಕೆಂಪು ಕಿರಣಗಳನ್ನು ಹೊಮ್ಮಿಸುವುದರಿಂದ, ಕೆಳಕಕ್ಷೆಯ ನೌಕೆಗೆ ಸೂರ್ಯನಿಂದಷ್ಟೇ ಅಲ್ಲ, ಚಂದ್ರನಿಂದಲೂ ಬಿಸಿ ತಟ್ಟುತ್ತದೆ. 2008ರಲ್ಲಿ 100 ಕಿಲೋಮೀಟರ್ ಎತ್ತರದ ಕಕ್ಷೆ ಸೇರಿದ ಚಂದ್ರಯಾನ-1 ನಿರೀಕ್ಷೆಗಿಂತ ಹೆಚ್ಚು ಕಾದಿತು. ಎಲ್ಲ ಉಪಕರಣಗಳನ್ನೂ ಒಟ್ಟಿಗೆ ನಡೆಸಲಾಗದ ಸ್ಥಿತಿ ಬಂತು. 2009ರ ಮೇನಲ್ಲಿ ಅದರ ಕಕ್ಷೆಯನ್ನು 200 ಕಿಲೋಮೀಟರಿಗೆ ಏರಿಸಲಾಯಿತು. ಕೋಣೆಯಲ್ಲಿ ನಾವು ಕೊಡುವ ಶಾಖ ಎಷ್ಟೆಂಬುದೂ ನಮ್ಮ ಊಹೆಯಿಂದಲೇ ಬಂದದ್ದು. ಊಹೆ ತಪ್ಪಿದ್ದರೆ ಪರೀಕ್ಷೆಯಲ್ಲಿ ಗೆದ್ದ ನೌಕೆಯೂ ಚಂದ್ರನ ಬಳಿ ಬಳಲುತ್ತದೆ.

ಕೋಣೆಗೆ ಅದರದೇ ಮಿತಿಗಳೂ ಇವೆ. ಭೂಮಿಯ ಗುರುತ್ವವನ್ನು ಆರಿಸಲಾಗದು. ಶಾಖವನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವ ಶಾಖನಾಳಗಳೊಳಗಿನ ದ್ರವ ಒಂದೆಡೆ ಜಾರಿ ನಿಲ್ಲದಂತೆ ನೌಕೆಯನ್ನು ಮಟ್ಟಸವಾಗಿ ಕೂರಿಸಬೇಕಾಗುತ್ತದೆ. ಚಂದ್ರನ ಧೂಳಿನ ಪರಿಣಾಮವನ್ನಂತೂ ಈ ಪರೀಕ್ಷೆ ಮುಟ್ಟುವುದೇ ಇಲ್ಲವೆನ್ನಬಹುದು. ಅಪೊಲೊ ಯಾತ್ರಿಗಳ ಬಂಡಿಯ ಬ್ಯಾಟರಿಗಳನ್ನು ತಣಿಸುವ ಕನ್ನಡಿಗಳ ಮೇಲೆ ಧೂಳು ಕೂತು, ಬ್ಯಾಟರಿಗಳು ಎಣಿಸಿದ್ದಕ್ಕಿಂತ ಬಿಸಿಯಾಗಿದ್ದವು. ಮಾದರಿ ಎಷ್ಟೇ ಹೊಂದಿಕೊಂಡರೂ ವಿನ್ಯಾಸದಲ್ಲಿ ಕೆಲವು ಡಿಗ್ರಿಗಳ ಅವಕಾಶವನ್ನು ಬಿಟ್ಟುಕೊಳ್ಳಬೇಕೆಂದು ನಾವು ಪಟ್ಟು ಹಿಡಿಯುವುದು ಇದಕ್ಕೇ.